ಕಾಡು ಬೆಳೆದ ಲಾನನ್ನು ತರಕಾರಿ ಹಿತ್ತಿಲು ಮಾಡುವುದು ಹೇಗೆ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು ಜಿಲ್ಲೆ): ಮನೆಯೆದುರಿನ ಸುಮಾರು 4 ಸೆಂಟ್ಸ್ ಜಾಗದಲ್ಲಿ ಹಿಂದೆ ಲಾನ್ ಹಾಕಿಸಿದ್ದೆವು. ನಾವು ಊರಿನಲ್ಲಿ ಇಲ್ಲದಿದ್ದ ಕಾಲದಲ್ಲಿ ನೋಡಿಕೊಳ್ಳುವವರಿಲ್ಲದೆ, ಹಾಸಿದ ಹುಲ್ಲಿಗಿಂತ ಗರಿಕೆ, ನಾಚಿಕೆಮುಳ್ಳು, ಕಮ್ಯುನಿಸ್ಟ್ ಗಿಡಗಳೇ (ಬೇಗ ಹಬ್ಬುವ ಒಂದು ಪೊದೆಕಳೆ) ಹೆಚ್ಚಾಗಿ ಸೊಂಟದೆತ್ತರಕ್ಕೆ ಬೆಳೆದಿವೆ. ಮೇಲೆ ಒಂದು ಗೇಣಿನಷ್ಟು ಹೊರಗಿನಿಂದ ತಂದ ಮಣ್ಣು, ಅದರ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಈಗ ಮಾರ್ಚ್ ಆರಂಭ. ಮಳೆ ಹಿಡಿಯುವಾಗ ಬೆಂಡೆ, ಅಲಸಂಡೆ, ಮುಳ್ಳುಸೌತೆ ಹಾಕಬೇಕೆಂದಿದ್ದೇವೆ. ಟಿಲ್ಲರ್ ತರಿಸಿ ಒಮ್ಮೆಗೇ ಉಳುವುದು ಸರಿಯೋ, ಕಳೆನಾಶಕ ಹೊಡೆದು ಆಮೇಲೆ ಅಗೆಯುವುದು ಸರಿಯೋ, ತಿಳಿದವರು ಹೇಳಬೇಕು.

ಉತ್ತರ (ಪೆರ್ಲ): ಕಳೆನಾಶಕದ ಮಾತನ್ನು ಮೊದಲೇ ಬಿಟ್ಟುಬಿಡಿ. ಎಲ್ಲರೂ ಹೆಸರಿಸುವ ಗ್ಲೈಫೋಸೇಟನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ. ನಿಷೇಧವಿಲ್ಲದಿದ್ದರೂ, ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಂಡ ಜಿಲ್ಲೆಯವರಾದ ನಾವು, ಉಣ್ಣುವ ತರಕಾರಿಯ ಮಣ್ಣಿಗೆ ಅಂಥದ್ದನ್ನು ಹಾಕುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಮೊದಲು ಮೇಲಿನ ಕಾಡನ್ನು ಸವರಿಸಿ. ಮನೆಯ ಕಡೆಯಿಂದ ಆರಂಭಿಸಿ ಹೊರಗಿನ ಬೇಲಿಯ ದಿಕ್ಕಿಗೆ ಸವರುತ್ತ ಹೋದರೆ ಒಳಗಿರುವ ಹಾವು ಓಡಲು ದಾರಿ ಸಿಗುತ್ತದೆ. ಸುತ್ತಲಿಂದ ನಡುವಿಗೆ ಬಂದರೆ ಕೊನೆಯ ಪೊದೆಯಲ್ಲಿ ಕೊಳಕುಮಂಡಲ ಸಿಕ್ಕಿಬೀಳಬಹುದು. ಕಾಲಿಗೆ ಗಮ್‌ಬೂಟ್ ಇರಲಿ. ಕಮ್ಯುನಿಸ್ಟ್ ಗಿಡದ ಬುಡವನ್ನು ಮಾತ್ರ ಕಿತ್ತೇ ತೆಗೆಯಬೇಕು, ಕಡಿದರೆ ಅದು ಮತ್ತೆ ಚಿಗುರುತ್ತದೆ.

ಉತ್ತರ (ನೀರ್ಚಾಲು): ಸವರಿದ ಮೇಲೆ ನೆಲಕ್ಕೆ ಚೆನ್ನಾಗಿ ನೀರು ಹಾಯಿಸಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹುಗಿದು 4ರಿಂದ 6 ವಾರ ಬಿಡಿ. ಹಾಳೆ ಪಾರದರ್ಶಕವಾಗಿರಬೇಕು, ಬಿಸಿಲು ಅದನ್ನು ದಾಟಿ ನೇರವಾಗಿ ಮಣ್ಣನ್ನು ಕಾಯಿಸುವುದರಿಂದ ಮೇಲ್ಪದರದ ಬೀಜಗಳು ಬೆಂದುಹೋಗುತ್ತವೆ. ಇದಕ್ಕೆ ನಮ್ಮಲ್ಲಿ ಮಾರ್ಚ್, ಏಪ್ರಿಲ್ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ.

ಪ್ರಶ್ನೆ ಕೇಳಿದವರು (ಬದಿಯಡ್ಕ): ಇಬ್ಬರಿಗೂ ಧನ್ಯವಾದ. ಪೂರ್ವದ ಮೂಲೆಯಲ್ಲಿ ಒಂದು ಹುಲ್ಲನ್ನು ಕಿತ್ತು ನೋಡಿದೆ. ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಅಂಚು ತಾಗುತ್ತದೆ, ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಗಡ್ಡೆ, ಜಜ್ಜಿದರೆ ಪರಿಮಳ. ಇದಕ್ಕೂ ಅದೇ ಉಪಾಯ ಸಾಕೇ?

ಉತ್ತರ (ಕುಂಬಳೆ): ಅದು ಕೊನ್ನಾರಿ ಗಡ್ಡೆ. ನೀರ್ಚಾಲಿನವರು ಹೇಳಿದ ಉಪಾಯ ಬೀಜದಿಂದ ಹುಟ್ಟುವ ಕಳೆಗೆ ಬಲು ಒಳ್ಳೆಯದು. ಕೊನ್ನಾರಿಯ ಚೂಪಾದ ಮೊಳಕೆ ಪ್ಲಾಸ್ಟಿಕನ್ನೇ ತೂತು ಮಾಡಿ ಮೇಲೆ ಬರುತ್ತದೆ. ಟಿಲ್ಲರ್ ಅಂತೂ ಬೇಡವೇ ಬೇಡ. ಗಡ್ಡೆಗಳು ನೆಲದೊಳಗೆ ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ, ಟಿಲ್ಲರಿನ ಅಲಗು ಆ ಸರವನ್ನು ತುಂಡರಿಸಿ ಇಡೀ ಹಿತ್ತಿಲಿಗೆ ಹರಡುತ್ತದೆ, ಮತ್ತು ಬಿಡಿಯಾದ ಪ್ರತಿ ಗಡ್ಡೆಯೂ ಹೊಸದಾಗಿ ಮೊಳೆಯುತ್ತದೆ. ಗರಿಕೆಯ ಬೇರಿನ ತುಂಡುಗಳದ್ದೂ ಇದೇ ಕಥೆ.

ಆ ಮೂಲೆಯನ್ನು ಬೇರೆಯಾಗಿಯೇ ನೋಡಿಕೊಳ್ಳಿ. ಮಣ್ಣು ತುಸು ಹಸಿಯಿರುವಾಗ ಹಾರೆಯಿಂದ ಮುರಕಲ್ಲಿನವರೆಗೆ ಅಗೆದು, ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿ, ಗಡ್ಡೆಗಳನ್ನು ಬಕೆಟಿಗೆ ಹಾಕಿ. ಅವನ್ನು ಗೊಬ್ಬರಗುಂಡಿಗೆ ಎಸೆಯಬೇಡಿ, ಅಂಗಳದ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ. ಉಳಿದ ಗಡ್ಡೆಗಳು ಮತ್ತೆ ಎಲೆ ಬಿಟ್ಟಾಗ, ಹೊಸ ಗಡ್ಡೆ ಕಟ್ಟುವುದಕ್ಕೆ ಮುಂಚೆ, ಪುನಃ ಕೀಳಿ. ಒಂದೇ ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲವಾದ್ದರಿಂದ ಈ ಮಳೆಗಾಲ ಅಲ್ಲಿ ಬೆಂಡೆಯ ಬದಲು ನೆಲ ಮುಚ್ಚಿ ಹಬ್ಬುವ ಸಿಹಿಗೆಣಸು ಹಾಕಿ. ಕೊನ್ನಾರಿಗೆ ನೆರಳು ಆಗದು.

ಉತ್ತರ (ಪೆರ್ಲ): ಕುಂಬಳೆಯವರ ಮಾತು ಸರಿ. ಒಂದನ್ನು ಸೇರಿಸುತ್ತೇನೆ. ಸವರಿದ ಕಾಡು ಒಣಗಿದ ಮೇಲೆ ಮಣ್ಣಿನೊಂದಿಗೆ ಪದರಪದರವಾಗಿ ಪೇರಿಸಿ ಸುಡುಮಣ್ಣು ಮಾಡುವ ಪದ್ಧತಿ ನಮ್ಮ ಕಡೆ ಇದೆಯಷ್ಟೆ. ಕಳೆಬೀಜ ಸಾಯುತ್ತದೆ ನಿಜ, ಆದರೆ ಒಂದು ಗೇಣು ಮಣ್ಣು ಮಾತ್ರ ಇರುವಲ್ಲಿ ಅದರೊಳಗಿನ ಸಾವಯವ ಅಂಶವನ್ನೂ ಸುಡುವುದು ನಷ್ಟವೆಂದು ನನ್ನ ಅಭಿಪ್ರಾಯ. ಬೀಜವಾಗದ ಸೊಪ್ಪನ್ನು ಹಟ್ಟಿಗೊಬ್ಬರದೊಂದಿಗೆ ಕೊಳೆಸಿ ಏರುಮಡಿಗೆ ಹಾಕಿ, ಮೇಲೆ ಅಡಿಕೆ ಸೋಗೆ ಮುಚ್ಚಿ.

ಮುರಕಲ್ಲಿನ ನೆಲ ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಅಗೆಯುವಾಗಲೇ ಮಣ್ಣಿನ ಮಾದರಿಯನ್ನು ಪಂಚಾಯತಿನ ಕೃಷಿಭವನಕ್ಕೆ ಕೊಟ್ಟರೆ ಸುಣ್ಣ ಎಷ್ಟು ಬೇಕೆಂದು ತಿಳಿಯುತ್ತದೆ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಬೆರೆಸಬೇಡಿ, ನಡುವೆ ಎರಡು ವಾರವಾದರೂ ಇರಲಿ. ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಹೊತ್ತಿಗೆ ಏರುಮಡಿ ಸಿದ್ಧವಾಗಿದ್ದರೆ ಮೊದಲ ಮಳೆಗೆ ಬೀಜ ಹಾಕಬಹುದು.