ಪದಚರ್ಚೆ: ‘ಸೈನಿಂಗ್ ಬೋನಸ್’ ಮುಂಗಡವೇ, ಸಂಚಕಾರವೇ? (ಜೊತೆಗೆ ‘ಫ್ರೀ ಏಜೆಂಟ್’, ‘ಬೇಡಿಕೆ’)

ಬಲ್ಲವರೆಲ್ಲರಿಗೂ ನಮಸ್ಕಾರ.

ಟೊರೊಂಟೊ ಸುತ್ತಮುತ್ತ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಾಗಿ ಐಸ್ ಹಾಕಿ ಆಟಗಾರ ಜಾನ್ ಟವಾರೆಸ್ ತಂಡ ಬದಲಿಸಿದ ಕಥೆಯನ್ನು ಬರೆಯುತ್ತಿದ್ದೇನೆ. ಆಟದ ಭಾಗ ಸಲೀಸಾಗಿ ಬಂತು. ಕರಾರಿನ ಭಾಗಕ್ಕೆ ಬಂದಾಗ ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. (ಊರಿನ ಓದುಗರಿಗೆ ಬರೀ ‘ಹಾಕಿ’ ಎಂದರೆ ಕೊಡಗಿನ ಮೈದಾನ ಕಣ್ಣಿಗೆ ಬರುತ್ತದೆ. ಹಾಗಾಗಿ ಮೊದಲ ಸಾಲಿನಲ್ಲೇ ‘ಐಸ್ ಹಾಕಿ’ ಎಂದು ಬರೆದಿದ್ದೇನೆ.)

ಪ್ರಸಂಗ ಇಷ್ಟು. ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ 1990ರಲ್ಲಿ ಹುಟ್ಟಿದ ಟವಾರೆಸ್ ಅವರನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2009ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡಿತ್ತು. ಒಂಬತ್ತು ಋತು ಅಲ್ಲೇ ಆಡಿದರು, ನಾಯಕರೂ ಆದರು. 2018ರಲ್ಲಿ ಕರಾರು ಮುಗಿಯುವ ಹೊತ್ತಿಗೆ ಐಲ್ಯಾಂಡರ್ಸ್ ಸೇರಿ ಆರು ತಂಡಗಳು ಲಾಸ್ ಏಂಜಲೀಸ್‌ನಲ್ಲಿ ಅವರನ್ನು ಕಂಡು ಮಾತಾಡಿದವು. ಜುಲೈ 1ರಂದು ಅವರು ಟೊರೊಂಟೊ ಮೇಪಲ್ ಲೀಫ್ಸ್‌ಗೆ ಸಹಿ ಹಾಕಿದರು. 7 ವರ್ಷಕ್ಕೆ 7.7 ಕೋಟಿ ಅಮೆರಿಕನ್ ಡಾಲರ್.

ಮೊದಲ ತೊಡಕು ‘ಫ್ರೀ ಏಜೆಂಟ್’, ಅಂದರೆ ಕರಾರು ಮುಗಿದು ಬೇಕಾದ ತಂಡ ಸೇರಬಲ್ಲ ಆಟಗಾರ. ‘ಸ್ವತಂತ್ರ ಏಜೆಂಟ್’ ಎಂದು ಬರೆದರೆ ಓದುಗರು ದಾರಿ ತಪ್ಪುವುದು ಖಂಡಿತ. ನಮ್ಮಲ್ಲಿ ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ವ್ಯವಹಾರ ಮಾಡುವವನು. ಈ ಕಥೆಯಲ್ಲಿ ಟವಾರೆಸ್ ಪರವಾಗಿ ಮಾತಾಡುವ ನಿಜವಾದ ಏಜೆಂಟ್ ಬೇರೆಯೇ ಇದ್ದಾರೆ! ಸಾಲಮುಕ್ತ, ಋಣಮುಕ್ತ ಎನ್ನುವಂತೆ ‘ಕರಾರುಮುಕ್ತ ಆಟಗಾರ’ ಎಂದರೆ ಸಾಕೆಂದು ನನ್ನ ಎಣಿಕೆ. ಎನ್‌ಎಚ್‌ಎಲ್‌ನಲ್ಲಿ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) 27 ವರ್ಷ ತುಂಬಿದವರು ಅಥವಾ ಏಳು ಋತು ಆಡಿದವರು ಕರಾರು ಮುಗಿದ ಮೇಲೆ ಪೂರ್ತಿ ಮುಕ್ತರು. ಅದಕ್ಕಿಂತ ಚಿಕ್ಕವರ ಕರಾರು ಮುಗಿದರೂ ಹಳೆಯ ತಂಡದ ಹಿಡಿತ ಹೋಗುವುದಿಲ್ಲ. ಬೇರೆ ತಂಡ ಮುಂದಿಟ್ಟ ಮೊತ್ತವನ್ನು ತಾನೇ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳಬಹುದು. ಐಪಿಎಲ್ ಹರಾಜಿನ ಆರ್‌ಟಿಎಂ ಕಾರ್ಡ್ ಬಲ್ಲವರಿಗೆ ಇದು ಹೊಸತಲ್ಲ. ಇವರನ್ನು ‘ಅರೆಮುಕ್ತ’ ಎನ್ನೋಣವೇ?

ಎರಡನೆಯದು ‘ಬೇಡಿಕೆ’. ಈ ಪದ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ಟವಾರೆಸ್‌ಗೆ ಬೇಡಿಕೆ ಇತ್ತು’ ಎಂದರೆ ತಂಡಗಳು ಅವರಿಗಾಗಿ ಮುಗಿಬಿದ್ದಿದ್ದವು ಎಂದರ್ಥ. ‘ಟವಾರೆಸ್ ಅವರ ಬೇಡಿಕೆ’ ಎಂದರೆ ಅವರು ಕೇಳಿದ್ದು. ಚತುರ್ಥಿ, ಷಷ್ಠಿಗಳು ವಾಕ್ಯದಲ್ಲಿ ಈ ವ್ಯತ್ಯಾಸವನ್ನು ಕಾಯುತ್ತವೆ, ಆದರೆ ‘ಟವಾರೆಸ್ ಬೇಡಿಕೆ’ ಎಂಬ ತಲೆಬರಹದಲ್ಲಿ ವಿಭಕ್ತಿ ಬಿದ್ದುಹೋಗಿ ಎರಡೂ ಒಂದಾಗುತ್ತವೆ. ಇನ್ನೊಂದು ಸಂಗತಿಯೂ ಇದೆ. ಕಾರ್ಮಿಕರ ಬೇಡಿಕೆ, ರೈತರ ಬೇಡಿಕೆ ಎಂದು ಕೇಳಿ ಪಳಗಿದ ಕಿವಿಗೆ ಅದರ ಹಿಂದೆ ಮುಷ್ಕರದ ನೆರಳು ಕಾಣುತ್ತದೆ. ‘ಪಟ್ಟು’ ಎಂದರಂತೂ ಹಟವೇ ಆಯಿತು. ಟವಾರೆಸ್ ವಿಷಯದಲ್ಲಿ ಇದು ಅನ್ಯಾಯವಾಗುತ್ತದೆ. ಸ್ಯಾನ್ ಹೋಸೆ ತಂಡ ಇನ್ನೂ ಹೆಚ್ಚು ಕೊಡಲು ಸಿದ್ಧವಿತ್ತೆಂದು ಆಗ ವರದಿಯಾಗಿತ್ತು. ಆದರೂ ಅವರು ಹೋದದ್ದು ಬಾಲ್ಯದಲ್ಲಿ ಮೆಚ್ಚಿದ ತಂಡಕ್ಕೆ. ಲೀಫ್ಸ್ ಹೊದಿಕೆ ಹೊದ್ದು ಮಲಗಿದ ತಮ್ಮ ಎಳೆಯ ವಯಸ್ಸಿನ ಫೋಟೋವನ್ನು ಅಂದು ಎಲ್ಲರ ಮುಂದೆ ಹಂಚಿಕೊಂಡಿದ್ದರು. ಹಾಗಾಗಿ ನಾನು ‘ಕೇಳಿದ ಷರತ್ತುಗಳು’ ಎಂದು ಬರೆದಿದ್ದೇನೆ. ವರ್ಷಗಳೆಷ್ಟು, ಹಣ ಯಾವಾಗ ಕೈಸೇರಬೇಕು, ತನ್ನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಸಾಗಹಾಕಬಾರದು ಎಂಬುದೆಲ್ಲ ಷರತ್ತಿನೊಳಗೆ ಅಡಗುತ್ತದೆ. ಬರೀ ಮೊತ್ತದ ಮಾತು ಬಂದಲ್ಲಿ ‘ಕೇಳಿದ ದುಡ್ಡು’ ಎಂದರಾಯಿತು.

ನಿಜವಾಗಿ ನಿದ್ದೆಗೆಡಿಸಿರುವುದು ‘ಸೈನಿಂಗ್ ಬೋನಸ್’, ಅಂದರೆ ಕರಾರಿಗೆ ಸಹಿ ಹಾಕಿದ್ದಕ್ಕೆ ಸಂಬಳದ ಹೊರತಾಗಿ ಕೊಡುವ ಹಣ.

ಟವಾರೆಸ್ ಕರಾರಿನ ಮೊದಲ ವರ್ಷದ ಸಂಬಳ 6.5 ಲಕ್ಷ ಡಾಲರ್ ಮಾತ್ರ. ಬೋನಸ್ 1 ಕೋಟಿ 52.5 ಲಕ್ಷ! ಏಳೂ ವರ್ಷ ಸೇರಿದರೆ 7.7 ಕೋಟಿಯಲ್ಲಿ 7 ಕೋಟಿಗೂ ಮಿಕ್ಕಿದ್ದು ಬೋನಸ್ಸೇ. ಸಹಿ ಒಂದೇ ಸಲ, ಬೋನಸ್ ಮಾತ್ರ ವರ್ಷವರ್ಷವೂ. ಆದ್ದರಿಂದ ‘ಸಹಿ ಬೋನಸ್’ ಎಂದರೆ ಅರ್ಧ ಮಾತ್ರ ಹೇಳಿದಂತೆ.

ಕರಡಿನಲ್ಲಿ ಮೊದಲು ‘ಮುಂಗಡ’ ಎಂದಿತ್ತು. ಕರಾವಳಿಯವರು ಬೇಗ ಒಪ್ಪುವ ಪದ. ಯಕ್ಷಗಾನದ ಹೆಸರಾಂತ ವೇಷಧಾರಿ ಒಂದು ಮೇಳ ಬಿಟ್ಟು ಇನ್ನೊಂದು ಮೇಳ ಸೇರುವಾಗ ಯಜಮಾನರಿಂದ ಮುಂದಿನ ತಿರುಗಾಟಕ್ಕೆ ಮುಂಗಡ ಪಡೆಯುವುದುಂಟು. ಆದರೆ ಮುಂಗಡವನ್ನು ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಟವಾರೆಸ್ ಬೋನಸ್ಸನ್ನು ಯಾವ ಸಂಬಳದಲ್ಲೂ ಮುರಿದುಕೊಳ್ಳುವಂತಿರಲಿಲ್ಲ.

ಇದು ಬರೀ ಪದದ ಸೂಕ್ಷ್ಮವಾಗಿ ಉಳಿದಿಲ್ಲ, ನ್ಯಾಯಾಲಯದವರೆಗೆ ಹೋಗಿದೆ. ಅಮೆರಿಕ-ಕೆನಡಾ ತೆರಿಗೆ ಒಪ್ಪಂದದ ಪ್ರಕಾರ ಆಟಗಾರನನ್ನು ಸಹಿಗೆ ಒಲಿಸಲು ಕೊಟ್ಟ ಹಣಕ್ಕೆ, ಆತ ಅಮೆರಿಕದ ನಿವಾಸಿಯಾಗಿದ್ದರೆ, ಕೆನಡಾ ಶೇ 15ಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಮೊದಲ ವರ್ಷದ ಬೋನಸ್ ಅಂಥದ್ದೇ ಎಂಬುದು ಟವಾರೆಸ್ ವಾದ. ಅದು ಸಂಬಳದ ಇನ್ನೊಂದು ರೂಪ ಎಂದು ಕೆನಡಾದ ಕಂದಾಯ ಇಲಾಖೆ ಬಡ್ಡಿಯೂ ಸೇರಿ ಸುಮಾರು 80 ಲಕ್ಷ ಕೆನಡಾ ಡಾಲರ್ ಕೇಳಿತು. ಅವರು ತೆರಿಗೆ ನ್ಯಾಯಾಲಯಕ್ಕೆ ಹೋದದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ನಾನು ‘ಮುಂಗಡ’ ಎಂದು ಬರೆದರೆ ಇಲಾಖೆಯ ಕಡೆ ವಾಲಿದಂತೆ. ‘ಕಾಣಿಕೆ’ ಎಂದರೆ ಆಟಗಾರನ ಕಡೆ ವಾಲಿದಂತೆ, ಜೊತೆಗೆ ದೇವಸ್ಥಾನದ ಹುಂಡಿಯೂ ನೆನಪಾಗುತ್ತದೆ.

ಹಳೆಯ ನಿಘಂಟುಗಳಲ್ಲಿ ‘ಸಂಚಕಾರ’ಕ್ಕೆ ವ್ಯಾಪಾರ ಕುದುರಿಸಲು ಮೊದಲೇ ಕೊಡುವ ಹಣ ಎಂಬ ಅರ್ಥವಿದೆ. ಧಾರವಾಡ, ಬೆಳಗಾವಿ ಕಡೆಯ ಜಮೀನು ವ್ಯವಹಾರಗಳಲ್ಲಿ ‘ಸಂಚಕಾರ ಪತ್ರ’ ಎಂಬ ಮಾತು ನಡೆದುಬಂದಿದೆ. ಮಾತಿಗೆ ಕಟ್ಟುಬೀಳಿಸುವ ಹಣವೆಂಬ ಭಾವ ನನಗೆ ಬೇಕಾದದ್ದೇ. ಆದರೆ ಹಳೇ ಮೈಸೂರು ಕಡೆಯವರಿಗೆ ‘ಜೀವಕ್ಕೆ ಸಂಚಕಾರ’ ಒಂದೇ ಗೊತ್ತು. ‘ಟವಾರೆಸ್‌ಗೆ ಒಂದೂವರೆ ಕೋಟಿ ಸಂಚಕಾರ’ ಎಂದರೆ ಗಾಬರಿಯಾದಾರು. ‘ವೀಳ್ಯ’ವನ್ನೂ ತೂಗಿ ನೋಡಿದೆ. ರಣವೀಳ್ಯದಲ್ಲಿ ಒಪ್ಪಿಕೊಂಡ ಗುರುತು ಎಂಬ ಭಾವ ಸೊಗಸಾಗಿದೆ. ಮೇಳದವರ ಬಾಯಲ್ಲಿ ಮಾತ್ರ ವೀಳ್ಯವೆಂದರೆ ಒಂದು ಆಟಕ್ಕೆ ಕೊಡುವ ಪೂರ್ತಿ ಹಣ.

ಸದ್ಯಕ್ಕೆ ‘ಒಪ್ಪಿಗೆ ಹಣ’ ಎಂದು ಬರೆದುಕೊಂಡಿದ್ದೇನೆ. ಯಾರ ಕಡೆಗೂ ವಾಲುವುದಿಲ್ಲ, ಮಕ್ಕಳಿಗೂ ಅರ್ಥವಾಗುತ್ತದೆ. ಧಾರವಾಡದ ಕಡೆಯವರು ದಯವಿಟ್ಟು ತಿಳಿಸಿ: ಸಂಚಕಾರ ಕೊಟ್ಟ ಮೇಲೆ ಅದನ್ನು ಒಟ್ಟು ಬೆಲೆಯಲ್ಲಿ ಮುರಿದುಕೊಳ್ಳುವುದೇ ವಾಡಿಕೆಯೋ, ಬೇರೆಯಾಗಿ ಎಣಿಸುವುದೂ ಉಂಟೋ? ಮುರಿದುಕೊಳ್ಳುವುದಾದರೆ ಆ ಪದವನ್ನು ಕೈಬಿಡುತ್ತೇನೆ. ಮೇಳಗಳ ಲೆಕ್ಕಪತ್ರ ಬಲ್ಲವರಿದ್ದರೆ, ಸಂಬಳದಲ್ಲಿ ಮುರಿಯದೆ ಕಲಾವಿದರಿಗೆ ಬೇರೆಯಾಗಿ ಕೊಡುವ ಹಣಕ್ಕೆ ಅಲ್ಲಿ ಪ್ರತ್ಯೇಕ ಹೆಸರಿದೆಯೇ ಎಂಬುದನ್ನೂ ಬರೆಯಿರಿ.