ಆರದ ಬೆಂಕಿಗೆ ವಿಕ್ಟೋರಿಯಾ ಕ್ರಾಸ್: ನಾರ್ಮನ್ ಜಾಕ್ಸನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ:
ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ 106ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಫ್ಲೈಟ್ ಇಂಜಿನಿಯರ್ ಆಗಿದ್ದ ಸಾರ್ಜೆಂಟ್ ನಾರ್ಮನ್ ಜಾಕ್ಸನ್ ಅವರ ಕುರಿತು ಓದುತ್ತಿದ್ದೇನೆ. 1944ರ ಏಪ್ರಿಲ್ 26ರ ರಾತ್ರಿ ಜರ್ಮನಿಯ ಶ್ವೈನ್‌ಫರ್ಟ್ ದಾಳಿಯ ವೇಳೆ, ಹಾರುತ್ತಿದ್ದ ವಿಮಾನದ ರೆಕ್ಕೆಗೆ ಹೊತ್ತಿದ ಬೆಂಕಿಯನ್ನು ನಂದಿಸಲು ಅವರು ಹೊರಗೆ ತೆವಳಿ ಹೋದರು. ಬೆಂಕಿ ಆರಲಿಲ್ಲ, ವಿಮಾನವೂ ಉಳಿಯಲಿಲ್ಲ. ಹಾಗಿದ್ದೂ ಅವರಿಗೆ ಅತ್ಯುನ್ನತ ಶೌರ್ಯಪದಕ ಸಂದದ್ದು ಯಾವ ಆಧಾರದ ಮೇಲೆ? ಏಳು ಜನರಿದ್ದ ವಿಮಾನದಲ್ಲಿ ಅವರೇ ಏಕೆ ಹೋದರು?

ಮೊದಲ ಉತ್ತರ:
ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಇಂಧನ ಮತ್ತು ಇಂಜಿನ್‌ಗಳ ಹೊಣೆ ಫ್ಲೈಟ್ ಇಂಜಿನಿಯರ್‌ನದು. ಜಾಕ್ಸನ್ ಮೊದಲು ವಾಯುಪಡೆಯಲ್ಲಿ ಫಿಟ್ಟರ್ ಆಗಿ, ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ದುಡಿದವರು. ಬೆಂಕಿ ಹೊತ್ತಿದ್ದು ಬಲರೆಕ್ಕೆಯ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಅದರ ಅಪಾಯವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ವಿಮಾನದಲ್ಲಿ ಬೇರೆ ಯಾರೂ ಇರಲಾರರು ಎಂದು ನನ್ನ ಭಾವನೆ.

ಆಗಲೇ ಕಾಲಿಗೂ ಭುಜಕ್ಕೂ ಗುಂಡಿನ ಚೂರುಗಳು ಹೊಕ್ಕಿದ್ದವು. ಬೆಂಕಿ ನಂದಿಸುವ ಸಿಲಿಂಡರನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು, ಪೈಲಟ್ಟನ ತಲೆಯ ಮೇಲಿನ ಕಿಂಡಿಯಿಂದ ಅವರು ಹೊರಬಿದ್ದರು. ಅಷ್ಟರಲ್ಲೇ ಪ್ಯಾರಾಚೂಟ್ ಬಿಚ್ಚಿಕೊಂಡು ಕಾಕ್‌ಪಿಟ್ಟಿನೊಳಗೆ ಹರಡಿತು. ಸಂಗಾತಿಗಳು ಅದರ ಹಗ್ಗಗಳನ್ನು ಹಿಡಿದು, ಅವರು ಹಿಂದಕ್ಕೆ ತೆವಳಿದಂತೆಲ್ಲ ಸಡಿಲಿಸುತ್ತ ಹೋದರು. ಗಂಟೆಗೆ 200 ಮೈಲಿ ವೇಗದ ಗಾಳಿಯಲ್ಲಿ, ಸುಮಾರು 20,000 ಅಡಿ ಎತ್ತರದ ಕೊರೆಯುವ ಚಳಿಯಲ್ಲಿ, ಅವರು ಜಾರಿ ರೆಕ್ಕೆಯ ಮೇಲೆ ಬಿದ್ದು, ಅದರ ಮುಂದಿನ ಅಂಚಿನ ಗಾಳಿಕೊಳವೆಯನ್ನು ಹಿಡಿದು ನೇತಾಡಿದರು. ಸಿಲಿಂಡರ್ ಹಾರಿಹೋಯಿತು. ಮುಖ, ಕೈಗಳು ಸುಟ್ಟವು. ಕೊನೆಗೆ ಜ್ವಾಲೆಯ ನಡುವಿನಿಂದಲೇ, ಉರಿಯುತ್ತಿದ್ದ ಪ್ಯಾರಾಚೂಟಿನೊಂದಿಗೆ ಕೆಳಗೆ ಬಿದ್ದರು. ಪಾದದ ಕೀಲು ಮುರಿದಿತ್ತು. ಬೆಳಗಾದ ಮೇಲೆ ತೆವಳುತ್ತ ಹತ್ತಿರದ ಹಳ್ಳಿಯನ್ನು ತಲುಪಿ ಸೆರೆಯಾದರು.

ಎರಡನೆಯ ಉತ್ತರ:
ಪದಕದ ಆಧಾರ ಪ್ರಶಸ್ತಿಪತ್ರದಲ್ಲಿಯೇ ಸ್ಪಷ್ಟವಾಗಿದೆ. ಒಂದು ವೇಳೆ ಬೆಂಕಿಯನ್ನು ನಂದಿಸಿದ್ದರೂ ಅವರು ಮರಳಿ ಕಾಕ್‌ಪಿಟ್ಟಿಗೆ ಬರುವ ಸಾಧ್ಯತೆ ಇರಲಿಲ್ಲ ಎನ್ನುವಷ್ಟು ಕಡಿಮೆಯಿತ್ತು ಎಂದು ಅದು ಹೇಳುತ್ತದೆ. ಗೆದ್ದರೂ ತನಗೆ ಉಳಿವಿಲ್ಲ ಎಂಬ ಸ್ಥಿತಿಯಲ್ಲಿ ಇತರರಿಗಾಗಿ ಹೊರಟದ್ದನ್ನೇ ಅಲ್ಲಿ ಶೌರ್ಯವೆಂದು ಪರಿಗಣಿಸಲಾಗಿದೆ. ವಿಮಾನ ತೊರೆದ ಉಳಿದವರಲ್ಲಿ ನಾಲ್ವರು ಸುರಕ್ಷಿತವಾಗಿ ನೆಲ ಮುಟ್ಟಿದರು. ಪೈಲಟ್ ಫ್ರೆಡ್ ಮಿಫ್ಲಿನ್ ಮತ್ತು ಹಿಂಬದಿಯ ಗನ್ನರ್ ಬದುಕುಳಿಯಲಿಲ್ಲ. ಪದಕದ ಘೋಷಣೆ ಹೊರಬಿದ್ದದ್ದು ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 26ರಂದು.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. 30 ದಾಳಿಗಳ ಸರದಿಯನ್ನು ಜಾಕ್ಸನ್ ಆಗಲೇ ಮುಗಿಸಿದ್ದರು. ತಮ್ಮ ತಂಡದವರಿಗೆ ಇನ್ನೂ ಒಂದು ಬಾಕಿಯಿದ್ದುದರಿಂದ ತಾವಾಗಿಯೇ 31ನೆಯದಕ್ಕೆ ಹೊರಟರು. ಮೊದಲ ಮಗ ಹುಟ್ಟಿದ ಸುದ್ದಿ ಅವರಿಗೆ ತಲುಪಿದ್ದೂ ಆ ದಿನವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆ ಕೈಗಳು ಮುಂದೆ ಪೂರ್ತಿ ಗುಣವಾದವೇ?

ಎರಡನೆಯ ಉತ್ತರಿಸಿದವರು:
ಇಲ್ಲ. ಹತ್ತು ತಿಂಗಳು ಆಸ್ಪತ್ರೆಯಲ್ಲಿದ್ದರೂ ಕೈಗಳ ಬಳಕೆ ಸೀಮಿತವಾಗಿಯೇ ಉಳಿಯಿತು. ಆ ಕೈಗಳಿಂದಲೇ ಸೆರೆಯಿಂದ ತಪ್ಪಿಸಿಕೊಳ್ಳಲು ಎರಡು ಬಾರಿ ಯತ್ನಿಸಿ, ಎರಡನೆಯ ಸಲ ಅಮೆರಿಕನ್ ಪಡೆಗಳನ್ನು ಸೇರಿಕೊಂಡರು. ಯುದ್ಧಾನಂತರ ವಿಸ್ಕಿ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿ ಊರೂರು ತಿರುಗಿ ದುಡಿದು ಸಂಸಾರ ನಡೆಸಿದರು. 1994ರ ಮಾರ್ಚ್ 26ರಂದು, 74ನೆಯ ವಯಸ್ಸಿನಲ್ಲಿ ತೀರಿಕೊಂಡರು, ಸಮಾಧಿ ಟ್ವಿಕನ್‌ಹ್ಯಾಮ್‌ನಲ್ಲಿದೆ.