ಹೆಕ್ಸೇನ್‌ನಲ್ಲಿ ಉಳಿಯುವ ಕಿಣ್ವ ಡಿಎಂಎಸ್‌ಒದಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ: ಮೇಡಂ, ನಾನು ಸಂಶೋಧನಾ ವಿದ್ಯಾರ್ಥಿ. ಕೊಬ್ಬನ್ನು ಒಡೆಯುವ ನನ್ನ ಲೈಪೇಸ್ ಕಿಣ್ವದ ಟಿಎಂ, ಅಂದರೆ ಅರ್ಧದಷ್ಟು ಅಣುಗಳು ಬಿಚ್ಚಿಕೊಳ್ಳುವ ಉಷ್ಣಾಂಶ, ಬಫರ್‌ನಲ್ಲಿ (ಪಿಎಚ್ ಕಾಯ್ದುಕೊಳ್ಳುವ ನೀರಿನ ದ್ರಾವಣದಲ್ಲಿ) 58 ಡಿಗ್ರಿ ಸೆಲ್ಸಿಯಸ್. ಶೇಕಡಾ 30ರಷ್ಟು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಬೆರೆಸಿದರೆ 49ಕ್ಕೆ ಇಳಿಯುತ್ತದೆ. ಅದೇ ಕಿಣ್ವದ ಒಣ ಪುಡಿಯನ್ನು ಹೆಕ್ಸೇನ್‌ನಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೂ ಚಟುವಟಿಕೆ ಕುಗ್ಗುವುದಿಲ್ಲ. ಎರಡೂ ಸಾವಯವ ದ್ರಾವಕಗಳೇ ಅಲ್ಲವೇ? ಇನ್ನೊಂದು ಸಂಗತಿ: ಸ್ಥಿರತೆ ಹೆಚ್ಚಲಿ ಎಂದು ಸಕ್ಸಿನಿಕ್ ಅನ್‌ಹೈಡ್ರೈಡ್‌ನಿಂದ ಕಿಣ್ವದಲ್ಲಿನ ಲೈಸೀನ್ ಎಂಬ ಅಮೈನೋ ಆಮ್ಲಗಳನ್ನು ಮಾರ್ಪಡಿಸಿದೆ. ಟಿಎಂ ಇನ್ನೂ ಇಳಿಯಿತು.

ಉತ್ತರ: ದ್ರಾವಕದ ಹೆಸರನ್ನು ಮರೆತು, ನೀರು ಎಲ್ಲಿದೆ ಎಂದು ಕೇಳಿಕೊಳ್ಳಿ. ಹೆಕ್ಸೇನ್ ನೀರಿನೊಡನೆ ಬೆರೆಯುವುದಿಲ್ಲ. ಹಾಗಾಗಿ ಪ್ರೋಟೀನಿಗೆ ಅಂಟಿಕೊಂಡ ತೆಳು ನೀರಿನ ಪದರವನ್ನು ಅದು ಕಿತ್ತುಕೊಳ್ಳುವುದಿಲ್ಲ. ನಿಮ್ಮ ಕಿಣ್ವ ಅಲ್ಲಿ ಕರಗಿಯೂ ಇಲ್ಲ, ಪುಡಿಯಾಗಿಯೇ ತೇಲುತ್ತಿದೆ. ಪ್ರೋಟೀನಿನ ಮಡಿಸಿಕೊಂಡ ಸರಪಳಿ ಬಿಚ್ಚಿಕೊಳ್ಳಲು ನೀರು ಕೀಲೆಣ್ಣೆಯಂತೆ ಬೇಕು. ಅದು ಕಡಿಮೆಯಾದಾಗ ಅಣು ಬಿಗಿದು ನಿಲ್ಲುತ್ತದೆ. ಕಿಣ್ವವನ್ನು ಕೊನೆಗೆ ಕೆಡಿಸುವ ಕ್ರಿಯೆಗಳಲ್ಲಿ ಕೆಲವು, ಉದಾಹರಣೆಗೆ ಆಸ್ಪರಜೀನ್ ಎಂಬ ಅಮೈನೋ ಆಮ್ಲ ತನ್ನ ಅಮೈಡ್ ಗುಂಪನ್ನು ಕಳೆದುಕೊಳ್ಳುವುದು, ನೀರಿಲ್ಲದೆ ನಡೆಯುವುದೇ ಇಲ್ಲ. 1984ರಲ್ಲಿ ಜಾಕ್ಸ್ ಮತ್ತು ಕ್ಲಿಬನೊವ್ ಹಂದಿಯ ಮೇದೋಜೀರಕ ಗ್ರಂಥಿಯ ಲೈಪೇಸನ್ನು ಬಹುತೇಕ ನೀರಿಲ್ಲದ ಸಾವಯವ ಮಾಧ್ಯಮದಲ್ಲಿ 100 ಡಿಗ್ರಿಗೆ ಕಾಯಿಸಿದರು. ಅದರ ಅರ್ಧಾಯು, ಅಂದರೆ ಚಟುವಟಿಕೆ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, 12 ಗಂಟೆಗಳನ್ನೂ ದಾಟಿತು. ಆ ಪ್ರಬಂಧ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಡಿಎಂಎಸ್‌ಒ ನೀರಿನೊಳಗೇ ಬೆರೆಯುತ್ತದೆ. ಕಿಣ್ವಕ್ಕೆ ಚಲನೆ ಉಳಿಯುತ್ತದೆ, ಆದರೆ ಅದರ ಜಲವಿರೋಧಿ ಒಡಲಿಗೆ ಹೊರಗಿನ ಮಾಧ್ಯಮ ಮೊದಲಿನಷ್ಟು ಪ್ರತಿಕೂಲವಲ್ಲ. ಒಳಗೆ ಅಡಗಿರಬೇಕೆಂಬ ಒತ್ತಾಯವೇ ಸಡಿಲವಾದ ಮೇಲೆ ಮಡಿಕೆ ಬೇಗ ಬಿಚ್ಚುತ್ತದೆ. ಮದ್ಯಸಾರಗಳಲ್ಲೂ ಹೀಗೆಯೇ, ಮೆಥನಾಲ್‌ಗಿಂತ ಎಥನಾಲ್, ಅದಕ್ಕಿಂತ ಪ್ರೊಪನಾಲ್ ಹೆಚ್ಚು ಕೆಡಿಸುತ್ತವೆ. ಹಾಗೆಂದು ನೀರಿನಲ್ಲಿ ಬೆರೆಯುವುದೆಲ್ಲ ಹಾನಿಕರವೆಂದು ತಿಳಿಯಬೇಡಿ. ಗ್ಲಿಸರಾಲ್ ಪ್ರೋಟೀನಿನ ಮೇಲ್ಮೈಯಿಂದ ದೂರ ಉಳಿಯುತ್ತದೆ. ಬಿಚ್ಚಿಕೊಂಡರೆ ಮೇಲ್ಮೈ ಹಿಗ್ಗುತ್ತದೆ, ಅದಕ್ಕೆ ತೆರಬೇಕಾದ ಶಕ್ತಿಯೂ ಹೆಚ್ಚುತ್ತದೆ. ಆದ್ದರಿಂದ ಟಿಎಂ ಏರುತ್ತದೆ.

ಸಕ್ಸಿನಿಕ್ ಅನ್‌ಹೈಡ್ರೈಡ್ ಆಯ್ಕೆಯನ್ನು ನಾನು ಒಪ್ಪುವುದಿಲ್ಲ. ಅದು ಪ್ರತಿ ಲೈಸೀನಿನ ಧನಾವೇಶವನ್ನು ಅಳಿಸಿ ಋಣಾವೇಶವನ್ನು ಕೂರಿಸುತ್ತದೆ. ವಿರುದ್ಧ ಆವೇಶಗಳನ್ನು ಬೆಸೆದಿದ್ದ ಲವಣ ಸೇತುವೆ ಮುರಿಯುತ್ತದೆ, ಹೊಸ ಋಣಾವೇಶಗಳು ಒಂದನ್ನೊಂದು ತಳ್ಳುತ್ತವೆ. ಲೈಸೀನನ್ನು ಹೋಮೋಆರ್ಜಿನೀನ್ ಆಗಿಸುವ ಓ-ಮೀಥೈಲ್‌ಐಸೋಯೂರಿಯಾ ಬಳಸಿ ನೋಡಿ, ಆವೇಶ ಹಾಗೆಯೇ ಉಳಿಯುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಗ್ಲೂಟರಾಲ್ಡಿಹೈಡ್‌ನಿಂದ ಅಡ್ಡಬಂಧ ಹಾಕಿಯೂ ನೋಡಿದ್ದೆ. ಟಿಎಂ ಏರಿದ್ದು ಕೇವಲ 1 ಡಿಗ್ರಿ, ಆದರೆ 55 ಡಿಗ್ರಿಯಲ್ಲಿ ಅರ್ಧಾಯು ಮೂರು ಪಟ್ಟಾಯಿತು. ಅಳತೆಯಲ್ಲಿ ತಪ್ಪಿದೆಯೇ?

ಉತ್ತರ: ತಪ್ಪಿರಬೇಕೆಂದೇನೂ ಇಲ್ಲ. ನಿಮ್ಮ ಫಲಿತಾಂಶಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಟಿಎಂ ಹೇಳುವುದು ಮಡಿಕೆ ಎಷ್ಟು ಸುಲಭವಾಗಿ ಬಿಚ್ಚುತ್ತದೆ ಎಂಬುದನ್ನು. ಅರ್ಧಾಯು ಹೇಳುವುದು ಬಿಚ್ಚಿದ್ದು ಮರಳಿ ಬಾರದಂತೆ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು. ಬಿಚ್ಚಿದ ಅಣುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅಡ್ಡಬಂಧ ಸರಪಳಿಯನ್ನು ದೂರ ಹರಡಲು ಬಿಡದೆ ಆ ಎರಡನೆಯ ಹೆಜ್ಜೆಯನ್ನು ತಡೆದಿರಬಹುದು. ಮಾದರಿಯನ್ನು ಒಮ್ಮೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ. ಬಿಚ್ಚಿಕೊಳ್ಳುವುದನ್ನು ತೋರಿಸುವ ಶಿಖರ ಎರಡನೆಯ ಬಾರಿ ಮರಳದಿದ್ದರೆ, ಇಲ್ಲವೇ ನಿಮಿಷಕ್ಕೆ ಅರ್ಧ, 1 ಮತ್ತು 2 ಡಿಗ್ರಿಯಂತೆ ಕಾಯಿಸುವ ವೇಗಗಳಲ್ಲಿ ಬೇರೆ ಬೇರೆ ಟಿಎಂ ಬಂದರೆ, ನೀವು ಅಳೆದಿರುವ ಸಂಖ್ಯೆಯಲ್ಲಿ ಕೆಡುವ ವೇಗವೂ ಸೇರಿಕೊಂಡಿದೆ.

ಇನ್ನೊಬ್ಬ ಸದಸ್ಯರು: ಬಫರ್ ಯಾವುದು ಎಂದು ಯಾರೂ ಕೇಳಲಿಲ್ಲ.

ಪ್ರಶ್ನೆ ಕೇಳಿದವರು: ಟ್ರಿಸ್, 25 ಡಿಗ್ರಿಯಲ್ಲಿ ಪಿಎಚ್ 8.

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ನಾನೇ ಕೇಳಬೇಕಿತ್ತು. ಟ್ರಿಸ್ ಬಫರ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.03ರಷ್ಟು ಇಳಿಯುತ್ತದೆ. 60 ಡಿಗ್ರಿ ತಲುಪುವ ಹೊತ್ತಿಗೆ ನಿಮ್ಮ ಕಿಣ್ವ ಪಿಎಚ್ 7ರ ಆಸುಪಾಸಿನಲ್ಲಿರುತ್ತದೆ. ಉಷ್ಣಾಂಶ ಏರಿದರೂ ಪಿಎಚ್ ಅಷ್ಟಾಗಿ ಬದಲಾಗದ ಫಾಸ್ಫೇಟ್ ಬಫರ್‌ನಲ್ಲಿ ಮೂರೂ ಮಾದರಿಗಳನ್ನು (ಮೂಲ ಕಿಣ್ವ, ಲೈಸೀನ್ ಮಾರ್ಪಡಿಸಿದ್ದು, ಅಡ್ಡಬಂಧ ಹಾಕಿದ್ದು) ಮತ್ತೊಮ್ಮೆ ಅಳೆಯಿರಿ, ಆಮೇಲೆ ಹೋಲಿಸೋಣ.